ಖರ್ದುಂಗ್ ಲಾ ಬೋರ್ಡಿಗೆ ಹ್ಯಾಂಡ್‌ಪೋಸ್ಟಿನಿಂದ ಒಂದು ಬಹಿರಂಗ ಪತ್ರ

ಲಡಾಖಿನ ಖರ್ದುಂಗ್ ಲಾ ನೆತ್ತಿಯ ಮೇಲೆ ವಿರಾಜಮಾನರಾದ ಹಳದಿ ಬೋರ್ಡಿನವರ ಸನ್ನಿಧಾನಕ್ಕೆ,

ಎಚ್.ಡಿ. ಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟಿನಿಂದ ಅಡ್ಡಬಿದ್ದು ಮಾಡುವ ಅರಿಕೆ. ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಎತ್ತರ ಸುಮಾರು 700 ಮೀಟರ್, ಹಾಗಾಗಿ ಉಸಿರಾಟವೂ ಕ್ಷೇಮ.

ತಾವೂ ನಾವೂ ಒಂದೇ ಕುಲ. ಹ್ಯಾಂಡ್‌ಪೋಸ್ಟ್ ಅಂದರೆ ಕೈಮರ, ದಾರಿ ಕವಲೊಡೆಯುವಲ್ಲಿ ಕೈ ಚಾಚಿ ನಿಲ್ಲುವ ಕಂಬ. ಮುಳ್ಳಯ್ಯನಗಿರಿಗೆ ಹೋಗುವ ದಾರಿಯಲ್ಲಿ ನಮ್ಮ ದಾಯಾದಿಯೊಬ್ಬ ಕೈಮರ ಎಂದೇ ಪಂಚೆಯುಟ್ಟು ನಿಂತಿದ್ದಾನೆ. ನಮಗೆ ಯಾರೋ ಪ್ಯಾಂಟು ತೊಡಿಸಿದರು, ಅಷ್ಟೇ. ಹೀಗೆ ಹೋದರೆ ಸರಗೂರು, ಹಾಗೆ ಹೋದರೆ ಮೈಸೂರು, ಇತ್ತ ಕೋಟೆ, ಕಾಡು ದಾಟಿದರೆ ಬಾವಲಿ, ಮಾನಂದವಾಡಿ. ನಮ್ಮ ಎತ್ತರವೆಷ್ಟು ಎಂದು ಒಬ್ಬರೂ ಕೇಳಿದ್ದಿಲ್ಲ.

ತಮ್ಮ ಠೀವಿಯೇ ಬೇರೆ. ಎದೆಯ ಮೇಲೆ 18,380 ಅಡಿ ಎಂದು ಬರೆಸಿಕೊಂಡು, ಜಗತ್ತಿನಲ್ಲೇ ಅತಿ ಎತ್ತರದ ವಾಹನ ರಸ್ತೆ ನಮ್ಮದೇ ಎಂದು ವರ್ಷಾನುಗಟ್ಟಲೆ ಮೀಸೆ ತಿರುವಿದಿರಿ. ಜಿಪಿಎಸ್ ಹಿಡಿದು ಅಳೆದವರಿಗೆ ಸಿಕ್ಕಿದ್ದು 17,582. ಹತ್ತಿರ ಹತ್ತಿರ ಎಂಟುನೂರು ಅಡಿ ಯಾರ ಪಾಲಾಯಿತು ಸ್ವಾಮಿ? ನಮ್ಮಲ್ಲಿ ಬದುವಿನ ಹತ್ತಿರ ಎಂಟಡಿ ಒತ್ತುವರಿಯಾದರೆ ಅಣ್ಣತಮ್ಮಂದಿರು ಸರ್ವೆಯವರನ್ನು ಕರೆಸುತ್ತಾರೆ, ಮೂರು ತಲೆಮಾರು ಮಾತು ಬಿಡುತ್ತಾರೆ. ಕೊನೆಗೆ 2021ರಲ್ಲಿ ತಮ್ಮ ಲಡಾಖಿನದೇ ಉಮ್ಲಿಂಗ್ ಲಾ 19,024 ಅಡಿ ತೋರಿಸಿ ಗಿನ್ನೆಸ್ ದಾಖಲೆ ಎತ್ತಿಕೊಂಡು ಹೋಯಿತು.

ಹತ್ತು ವರ್ಷದ ಹಿಂದೆ, ಈ ಕಂಬದ ಪರವಾಗಿ ಪತ್ರ ಬರೆಯುತ್ತಿರುವ ನಾನೂ ತಮ್ಮ ದರ್ಶನಕ್ಕೆ ಬಂದಿದ್ದೆ. "ಚಿಕ್ಕಪ್ಪ, ಹದಿನೆಂಟು ಸಾವಿರ ಅಡಿ!" ಎಂದು ಅಣ್ಣನ ಮಗ ಎಳೆದುಕೊಂಡು ಹೋದ. ಲೇಹ್‌ನಿಂದ 39 ಕಿಲೋಮೀಟರ್. ಸೌತ್ ಪುಲ್ಲು ಚೆಕ್‌ಪೋಸ್ಟ್ ದಾಟಿದ್ದೇ ತಡ, ಡಾಂಬರು ನಮ್ಮ ಕೈಬಿಟ್ಟಿತು. ಬರೀ ಜಲ್ಲಿ, ಅದರ ಮೇಲೆ ಹಿಮ ಕರಗಿದ ನೀರು. ಹುಡುಗ ಒಂದನೇ ಗೇರಿನಿಂದ ಮೇಲೆ ಏರಿಸಲಿಲ್ಲ. ಅಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಇಂಜಿನ್ನಿಗೂ ನಮ್ಮ ಹಾಗೇ ಏದುಸಿರು. ಒಂದು ತಿರುವಿನಲ್ಲಿ ಎದುರಿಗೆ ಸೇನೆಯ ಲಾರಿ ಬಂತು. ಅದಕ್ಕೆ ದಾರಿ ಬಿಟ್ಟು ಅಂಚಿಗೆ ನಿಂತಾಗ ಕೆಳಗೆ ನೋಡಿದೆ: ಬೋಳು ಬೆಟ್ಟಗಳ ನಡುವೆ ಹಸಿರು ಚೂರಿನಂತೆ ಲೇಹ್, ಸಿಂಧೂ ನದಿಯ ಆಚೆ ಸ್ಟೋಕ್ ಸಾಲಿನ ಹಿಮ. ತಲೆನೋವು ಮರೆತು ಹೋಯಿತು. ಅದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಮೇಲೆ ಬಂದರೆ ತಮ್ಮ ಮುಂದೆ ನ್ಯಾಯಬೆಲೆ ಅಂಗಡಿಯ ಸಾಲು. ಎಲ್ಲರೂ ಬೆಟ್ಟಕ್ಕೆ ಬೆನ್ನು ಹಾಕಿ, ಹೆಬ್ಬೆರಳೆತ್ತಿ ನಿಂತವರೇ. ನಮ್ಮವನೂ ಇಪ್ಪತ್ತು ನಿಮಿಷ ಕಾದ, ಫೋಟೋ ತೆಗೆಸಿಕೊಂಡ, ವಾಂತಿ ಮಾಡಿದ, ಇಳಿದ. ಆ ಫೋಟೋ ಈಗ ನಡುಮನೆಯಲ್ಲಿದೆ. ಅದರಲ್ಲಿ ಅವನಿದ್ದಾನೆ, ತಾವಿದ್ದೀರಿ. ಬೆಟ್ಟ ಇಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ: ಒಂದು ಕೈ ಬೆಳೆಸಿಕೊಳ್ಳಿ. ಸಿಂಧೂ ಕಡೆಗೆ ಚಾಚಿ, "ಅತ್ತ ನೋಡ್ರಪ್ಪ" ಎನ್ನಿ. ಕೈಗೆ ಅಭಾವವಿದ್ದರೆ ನಮ್ಮದನ್ನೇ ಕಳಿಸುತ್ತೇವೆ. ಸಂಜೆ ಆರಕ್ಕೆ ಬಾವಲಿ ರಸ್ತೆಯ ಕಾಡಿನ ಗೇಟು ಬಿದ್ದ ಮೇಲೆ ಬೆಳಗಿನ ಆರರವರೆಗೆ ಆ ಕಡೆಯ ಕೈಗೆ ಕೆಲಸವಿರುವುದಿಲ್ಲ.

ಇಂತಿ,
ಹ್ಯಾಂಡ್‌ಪೋಸ್ಟಿನ ಪರವಾಗಿ, ಅಲ್ಲೇ ಬಸ್ಸು ಕಾಯುತ್ತಿರುವ ಒಬ್ಬ