ವಾಕಿಂಗ್ ಯಜಮಾನರು

ಪಾಂಡವಪುರದ ಕಡೆ ವಿ.ಸಿ. ನಾಲೆ ಏರಿಯ ಮೇಲೆ ಬೆಳಿಗ್ಗೆ ಆರಕ್ಕೆ ಇವರನ್ನು ಕಾಣಬಹುದು. ಹೊಳೆಯುವ ಹೊಸ ಬೂಟು, ತಲೆಗೆ ಮಂಕಿ ಕ್ಯಾಪು, ಟ್ರ್ಯಾಕ್ ಪ್ಯಾಂಟಿನ ಅಂಚಿನಲ್ಲಿ ಇಣುಕುವ ಪಟ್ಟಾಪಟ್ಟಿ ಚಡ್ಡಿ. ಮನೆಯಿಂದ ಏರಿಯವರೆಗೆ ಬಂದದ್ದು ಮಾತ್ರ ಬೈಕಿನಲ್ಲಿ.

ಇದಕ್ಕೆಲ್ಲ ಮೂಲ ಡಾಕ್ಟರು ಹಿಡಿದ ಟೇಪು. ಭಾರತೀಯ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಒಳಗಿರಬೇಕು, ಹೆಂಗಸರದು 80. ‘ನಂದು 34ರ ಪ್ಯಾಂಟು ಸಾರ್’ ಎಂದು ಯಜಮಾನರು ವಾದಕ್ಕಿಳಿದರು. ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ, ಡಾಕ್ಟರು ಅಳೆಯುವುದು ಹೊಟ್ಟೆಯನ್ನು. ವಾದ ಅಲ್ಲಿಗೆ ಮುಗಿಯಿತು.

ಮನೆಯಾಕೆಯ ವಾದ ಮುಗಿದಿಲ್ಲ. ‘ಗದ್ದೆ ತಾವ್ಕೆ ನಡ್ಕಂಡೋಗಿ ಅಂದ್ರೆ ಗಾಡಿ ತಗೀತೀರಿ. ಈಗ ಕಾಸು ಕೊಟ್ಟು ಬೂಟು ತಂದು ನಾಲೆ ಏರಿ ಅಳೀತೀರಾ?’ ದಿನಕ್ಕೆರಡು ಸಲ ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆದುಹೋಗಿ ಬರುವಾಕೆ ಆಕೆ. ಅದನ್ನು ಯಾರೂ ವಾಕಿಂಗ್ ಎಂದು ಕರೆದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ ಸಾಕೆನ್ನುತ್ತದೆ. ಮಾತಾಡಲು ಉಸಿರಿರಬೇಕು, ಹಾಡಲು ಇರಬಾರದು, ಅಷ್ಟು ಬಿರುಸು. ಯಜಮಾನರು ಇದನ್ನು ಕೇಳಿ, ವಾರದ ಬಾಕಿಯನ್ನೆಲ್ಲ ಭಾನುವಾರ ಒಂದೇ ಕಂತಿನಲ್ಲಿ ತೀರಿಸಲು ಮೇಲುಕೋಟೆಗೆ ಹೋದರು. ಯೋಗಾನರಸಿಂಹನ ಬೆಟ್ಟವನ್ನು ಏದುತ್ತಾ ಹತ್ತಿದರು, ಇಳಿದು ಪುಳಿಯೋಗರೆ ತಿಂದರು, ಆ ವಾರವೆಲ್ಲ ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡರು. ಹತ್ತು ನಿಮಿಷದಿಂದ ಶುರುಮಾಡಿ ಎಂದು ಡಾಕ್ಟರು ಹೇಳಿದ್ದು ಅವರಿಗೆ ಮರ್ಯಾದೆಗೆ ಕಡಿಮೆ ಅನ್ನಿಸಿತ್ತು.

ಇವರ ಬಳಗ ದೊಡ್ಡದು. ನಾಗಮಂಗಲದವರ ಕೈಗೆ ಬೆಂಗಳೂರಿನ ಮಗ ವಾಚು ಕಟ್ಟಿ, ದಿನಕ್ಕೆ 10,000 ಹೆಜ್ಜೆ ಎಂದು ಗುರಿ ಕೊಟ್ಟಿದ್ದಾನೆ. ಆ ಸಂಖ್ಯೆ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಪ್ರಚಾರದಲ್ಲಿ. ನಮ್ಮವರು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ರಾಜಕೀಯ ಮಾತಾಡುವಾಗ ಕೈ ಬೀಸುವ ರಭಸಕ್ಕೇ ವಾಚು ನೂರಾರು ಹೆಜ್ಜೆ ಜಮಾ ಮಾಡಿಕೊಳ್ಳುತ್ತದೆ. ಕೆ.ಆರ್. ಪೇಟೆಯವರು ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯವರೆಗೆ ನಡೆದು, ಆಟೋದಲ್ಲಿ ವಾಪಸು. ಶ್ರೀರಂಗಪಟ್ಟಣದವರ ಕಷ್ಟವೇ ಬೇರೆ. ಸಂಗಮದ ದಾರಿಯಲ್ಲಿ ಹೊರಟರೆ ಪ್ರವಾಸಿಗರು ಗುಂಬಜ್ ಎಲ್ಲಿ ಎಂದು ಕೇಳುತ್ತಾರೆ. ಕೈ ತೋರಿಸಿ ಮುಂದೆ ಹೋದರೆ ಆಯಿತು. ಇವರು ನಿಂತು, 1784ರ ದರಿಯಾ ದೌಲತ್‌ನಿಂದ ಹಿಡಿದು 1799ರಲ್ಲಿ ಟಿಪ್ಪು ಬಿದ್ದಲ್ಲಿಯವರೆಗೆ ವಿವರಿಸುವಷ್ಟರಲ್ಲಿ ಬಿಸಿಲೇರಿರುತ್ತದೆ.

ನಾಲ್ಕೂ ಊರಿನವರು ಒಂದಾಗುವುದು ಹೋಟೆಲಿನಲ್ಲಿ. 80 ಕೆ.ಜಿ.ಯವರು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ನಡೆದರೆ ಕರಗುವುದು ಸುಮಾರು 140 ಕ್ಯಾಲೊರಿ. ಎರಡು ಉದ್ದಿನ ವಡೆ, ಸಕ್ಕರೆ ಮುಂದಾದ ಒಂದು ಕಾಫಿ, ಲೆಕ್ಕ ಚುಕ್ತಾ ಆಗಿ ಮೇಲೆ ಸಾಲ. ನಡಿಗೆಯಿಂದ ರಕ್ತದ ಸಕ್ಕರೆ, ಬಿ.ಪಿ. ಹತೋಟಿಗೆ ಬರುವುದು ನಿಜ. ತೂಕ ಇಳಿಯಬೇಕಾದರೆ ತಟ್ಟೆಯೂ ಸಹಕರಿಸಬೇಕು. ಈ ಎರಡನೇ ಮಾತು ಬಂದಾಗ ಯಜಮಾನರಿಗೆ ಫೋನು ಬರುತ್ತದೆ.

ಇಷ್ಟಾದರೂ ಅವರು ಕೆಟ್ಟ ಆಸಾಮಿಯಲ್ಲ. ಈಗೀಗ ಸಂಜೆ ಊಟವಾದ ಮೇಲೆ ಹತ್ತೇ ನಿಮಿಷ, ಬೂಟಿಲ್ಲದೆ, ಹವಾಯಿ ಚಪ್ಪಲಿಯಲ್ಲಿ ಊರ ಮುಂದಿನ ರಸ್ತೆಗೆ ಹೊರಡುತ್ತಿದ್ದಾರೆ. ಅಡ್ಡಿ ಬರುವುದು ಊರಿನ ಒಳ್ಳೆಯತನ. ಈ ಸೀಮೆಯಲ್ಲಿ ಕಾರಣವಿಲ್ಲದೆ ನಡೆಯುವವನನ್ನು ಕಂಡರೆ ಯಾರಿಗೂ ಸಮಾಧಾನವಿಲ್ಲ. ‘ಅಣ್ಣೋ, ಗಾಡಿ ಕೆಟ್ಟೋಯ್ತಾ? ಹತ್ಕಳಿ, ಬುಟ್ಬುಡ್ತೀನಿ!’ ಬೇಡವೆಂದರೆ ಹುಡುಗ ಬೇಜಾರಾದಾನು ಎಂದು ಯಜಮಾನರು ಹತ್ತುತ್ತಾರೆ. ನಾಲ್ಕು ನಿಮಿಷ ನಡೆದವರು ಮನೆ ಬಾಗಿಲಲ್ಲಿ ಇಳಿಯುತ್ತಾರೆ.

ಆ ಕಡೆ ಬೈಕಿನಲ್ಲಿ ಹೋಗುವವರು ದಯವಿಟ್ಟು ಒಂದು ಹಾರನ್ ಹೊಡೆದು, ನಿಲ್ಲಿಸದೆ ಮುಂದೆ ಹೋಗಿ.