19ನೇ ಗೇಟು ಮತ್ತು ಹಿಟ್ಟು ನಾದೋ ಪರಾತ

ನನ್ನ ಬಲಗೈ ಅಂಗೈಯಲ್ಲಿ ಚಹಾ ಲೋಟದ ಬಾಯಿಯಷ್ಟು ಅಗಲದ ಗುಂಡನೆಯ ಗುರುತೊಂದು ಇನ್ನೂ ಕೆಂಪಗೆ ಕೂತಿದೆ. 22 ನಿಮಿಷ ಒಂದು ತೂತನ್ನು ಒತ್ತಿ ಹಿಡಿದಿದ್ದಕ್ಕೆ ಸಿಕ್ಕ ಪದಕ. ನಿಮಿಷದ ಲೆಕ್ಕ ನನ್ನದಲ್ಲ, ಮಗಳದು. ಹೆತ್ತ ತಾಯಿ ಅಡಿಗೆಮನೆಯ ನೆಲದ ಮೇಲೆ ಬೋರಲು ಬಿದ್ದು ನೀರು ತಡೆಯುತ್ತಿರುವಾಗ ಒಂಬತ್ತು ವರ್ಷದ ಮಗು ಏನು ಮಾಡಬೇಕೋ ಅದನ್ನೇ ಅವಳು ಮಾಡಿದಳು. ಫೋನು ತೆಗೆದು ಟೈಮರ್ ಒತ್ತಿದಳು.

ಅಪ್ಪ ಅವ್ವ ಸಿರುಗುಪ್ಪ ತಾಲ್ಲೂಕಿನ ಕರೂರಿನಿಂದ ಇಲ್ಲಿ ಇಂಗ್ಲೆಂಡಿನ ರೆಡಿಂಗಿಗೆ ಬಂದು ಎರಡು ತಿಂಗಳಾಗಿದೆ. ಬೇರೆ ವರ್ಷವಾಗಿದ್ದರೆ ಈ ಹೊತ್ತಿನಲ್ಲಿ ಅಪ್ಪನನ್ನು ಊರಿನಿಂದ ಅಲ್ಲಾಡಿಸಲಿಕ್ಕೂ ಆಗುತ್ತಿರಲಿಲ್ಲ, ಎರಡನೇ ಬೆಳೆಯ ನಾಟಿ ಇರುತ್ತದೆ. ಈ ಸಲ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳನ್ನೂ ಬದಲಿಸಬೇಕೆಂದು ಎರಡನೇ ಬೆಳೆಗೆ ಕಾಲುವೆ ನೀರಿಲ್ಲ ಅಂದುಬಿಟ್ಟರು. ಸಿರುಗುಪ್ಪ ಸೀಮೆಯಲ್ಲಿ ಎಲ್‌ಎಲ್‌ಸಿ ಕಾಲುವೆ ಒಣಗಿತೆಂದರೆ ಗಂಡಸರ ಕೈ ಖಾಲಿ. ಹಾಗೆ ಕೈ ಖಾಲಿಯಾದ ಭತ್ತದ ರೈತನನ್ನು ಆರು ತಿಂಗಳ ವೀಸಾದ ಮೇಲೆ ಕರೆಸಿಕೊಂಡು, ಸಂಜೆ ನಾಲ್ಕಕ್ಕೇ ಕತ್ತಲಾಗುವ ಊರಲ್ಲಿ, ಸ್ಕ್ರೂಡ್ರೈವರು ಕೈಗೆಟುಕುವ ಕಡೆ ಕೂರಿಸಿದ್ದು ನನ್ನದೇ ತಪ್ಪು.

ಇನ್ನು ಅವ್ವ. ಈ ದೇಶದಲ್ಲಿ ಬಟ್ಟೆ ಒಗೆಯುವ ಮಷೀನು ಅಡಿಗೆಮನೆಯಲ್ಲೇ ಇರುತ್ತದೆ ಎಂಬುದನ್ನು ಬಂದ ದಿನದಿಂದಲೂ ಅವಳು ಕ್ಷಮಿಸಿಲ್ಲ. "ಮ್ಯಾಲೆ ಸಾರು ಕುದೀತೈತಿ, ಕೆಳಗ ಅಳಿಯಾರ ಚಡ್ಡಿ ತಿರಗತೈತಿ. ಇದು ಮನಿಯೋ ಏನಿದು?" ಹಾಗೆಂದು ಮಷೀನನ್ನು ಮುಟ್ಟದೆಯೂ ಇರಲಿಲ್ಲ. ಹೋದ ಶನಿವಾರ ನಾವು ಈಜು ಕ್ಲಾಸಿಗೆ ಹೋದಾಗ, ಮೊಮ್ಮಗಳಿಗೆಂದು ತಾನೇ ಹೊಲಿದು ಊರಿಂದ ತಂದಿದ್ದ ಕೌದಿಯನ್ನು, ಅದರ ಮೇಲೆ ಚಾಕಲೇಟು ಹಾಲು ಚೆಲ್ಲಿತೆಂದು, ಒಳಗೆ ತುರುಕಿ ಗುಂಡಿ ಒತ್ತಿಬಿಟ್ಟಳು. ಏಳು ಹಳೇ ಸೀರೆ, ಅಪ್ಪನ ಎರಡು ಧೋತರ ಸೇರಿ ಆದ ಕೌದಿ ಅದು. ಒಣಗಿದ್ದಾಗಲೇ ಕೊಡವಲು ಇಬ್ಬರು ಬೇಕು. ನೀರು ಕುಡಿದ ಮೇಲೆ ಕೆರೆಯಲ್ಲಿ ಎಮ್ಮೆ ಕೂತ ಹಾಗೆ ಡ್ರಮ್ಮಿನಲ್ಲಿ ಕೂತುಬಿಟ್ಟಿತು. ಮಷೀನು ಎರಡು ಸಲ ನರಳಿತು, ಹಣೆಯ ಮೇಲೆ ಯಾವುದೋ ಅಕ್ಷರ, ಅಂಕಿ ಮಿಣುಕಿಸಿತು, ನಿಂತಿತು.

ನೀರು ಒಳಗಿರುವ ತನಕ ಬಾಗಿಲು ತೆಗೆಯುವುದಿಲ್ಲ, ಅದು ಮುಂದಿನಿಂದ ಬಟ್ಟೆ ಹಾಕುವ ಮಷೀನಿನ ಕುಲಧರ್ಮ. ಗಾಜಿನಾಚೆ ಕೌದಿ, ಗಾಜಿನೀಚೆ ಅವ್ವ. ಬಳ್ಳಾರಿ ಆಸ್ಪತ್ರೆಯ ಐಸಿಯು ಮುಂದೆ ಕೂತ ಹಾಗೆ ದಿನಕ್ಕೆ ನಾಲ್ಕು ಸಲ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು. "ಬಣ್ಣ ಬಿಡಾಕತ್ತೈತಿ ನೋಡು ಪಾಪ."

ನನ್ನ ಗಂಡ ಮಂಡ್ಯದವರು, ಎಲೆಕ್ಟ್ರಾನಿಕ್ಸ್ ಓದಿದವರು, ಅದಕ್ಕೆ ತಕ್ಕಂತೆ ಮಾಡಿದರು. ಮೊದಲು ಪ್ಲಗ್ ತೆಗೆದು ಮತ್ತೆ ಹಾಕಿದರು, ಆಮೇಲೆ ಫೋನು ಮಾಡಿದರು. "ಇಂಜಿನಿಯರ್ ಗುರುವಾರ ಬರ್ತಾರಂತೆ ಮಾವ, ಬೆಳಿಗ್ಗೆ ಎಂಟರಿಂದ ಸಂಜೆ ಆರರೊಳಗೆ. ಬಂದು ನೋಡಿದ್ದಕ್ಕೇ ಎಂಬತ್ತು ಪೌಂಡು."

ಅಪ್ಪ ಎಂಬತ್ತು ಪೌಂಡನ್ನು ಮೊದಲು ರೂಪಾಯಿ ಮಾಡಿದ, ಆಮೇಲೆ ನೆಲ್ಲು ಮಾಡಿದ. "ಐದು ಚೀಲ ನೆಲ್ಲು! ಬರೇ ನೋಡಾಕ?" ಸ್ವಲ್ಪ ಹೊತ್ತು ಸುಮ್ಮನಿದ್ದು, ತುಂಬಾ ಮರ್ಯಾದೆಯಿಂದ ಕೇಳಿದ: "ಅಳಿಯಾರ, ನೀವೂ ಇಂಜಿನಿಯರು ಅಲ್ಲೇನ್ರಿ?"

ಈ ಒಂದು ಪ್ರಶ್ನೆಯಿಂದ ನಮ್ಮ ಮನೆಯ ಶಾಂತಿ ಕೆಟ್ಟಿತು. ಇಲ್ಲಿ ಬಾಯ್ಲರ್ ರಿಪೇರಿಯವನೂ ಇಂಜಿನಿಯರೇ, ಕೇಬಲ್ ಎಳೆಯುವವನೂ ಇಂಜಿನಿಯರೇ ಎಂದು ನಮ್ಮವರು ವಿವರಿಸಿದಷ್ಟೂ ಅಪ್ಪನ ಮುಖದಲ್ಲಿ ಒಂದೇ ಭಾವ ಗಟ್ಟಿಯಾಗುತ್ತ ಹೋಯಿತು. ಕಾಲೇಜಿನ ಫೀಜು ಕಟ್ಟಿದ್ದು ತಾನಲ್ಲವಲ್ಲ ಎಂಬ ಸಮಾಧಾನ.

ಬುಧವಾರ ಸಂಜೆ ಅಪ್ಪ ಲುಂಗಿ ಎತ್ತಿ ಕಟ್ಟಿದ.

ಅವನ ತರ್ಕ ಸರಳ. ಇಲ್ಲೂ 230 ವೋಲ್ಟು, ಊರಲ್ಲೂ 230. ಇಲ್ಲೂ 50 ಸೈಕಲ್, ಅಲ್ಲೂ 50. ಮಷೀನಿನ ಮುಖದ ಮೇಲೆ 1400 ಅಂತ ಬರೆದಿದೆ, ಗದ್ದೆಯ ಪಂಪ್‌ಸೆಟ್ಟಿನ ತಗಡಿನ ಮೇಲೆ 1440. "ನಲವತ್ತು ಸುತ್ತು ನಮ್ಮದಾ ಜಾಸ್ತಿ. ಇದಕ್ಯಾಕ ಅಂಜಬೇಕು?" ಒಳಗಿನ ಮೋಟಾರು ಬೇರೆ ಜಾತಿಯದು, ಮಿಕ್ಸಿಯ ಥರ ಕಾರ್ಬನ್ ಬ್ರಷ್ ಇರುವಂಥದ್ದು ಎಂದು ಅಳಿಯ ಹೇಳಿದ್ದೇ ತಡ, ರೋಗ ಗೊತ್ತಾಯಿತೆಂಬಂತೆ ಅಪ್ಪ ತೊಡೆ ತಟ್ಟಿದ. "ಕಾರ್ಬನ್ ಸವದಾವು!" ಕಾರ್ಬನ್ ಸವೆದರೆ ಡ್ರಮ್ಮು ತಿರುಗುವುದಿಲ್ಲ, ಇಲ್ಲಿ ನೀರು ಹೋಗುತ್ತಿಲ್ಲ, ಅದು ಪಂಪಿನ ರೋಗ. ಇದನ್ನು ಹೇಳಿದ್ದು ನಾನು. ಹೆಣ್ಣುಮಕ್ಕಳ ಮಾತು, ಗಾಳಿಗೆ ಹೋಯಿತು.

ಪ್ಲಗ್ ಕಿತ್ತು ನೋಡಿದಾಗ ಮಾತ್ರ ಅಪ್ಪ ಬ್ರಿಟಿಷರನ್ನು ಒಮ್ಮೆ ಹೊಗಳಿದ. ಪ್ಲಗ್ಗಿನ ಹೊಟ್ಟೆಯೊಳಗೇ 13 ಆಂಪಿನ ಫ್ಯೂಸಿದೆ! ಫ್ಯೂಸು ಹೋದರೆ ಕರೆಂಟಿನ ವೈರಿನ ಒಂದು ಎಳೆ ಬಿಚ್ಚಿ ಸುತ್ತಿ ಮುಂದುವರಿಯುವ ಪಂಪ್‌ಶೆಡ್ಡಿನ ಮನುಷ್ಯನಿಗೆ ಅದು ಆಭರಣದ ಹಾಗೆ ಕಂಡಿರಬೇಕು, ತಿರುಗಿಸಿ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಳ್ಳಲು ಹೋದ.

ಮಾವ ಅಳಿಯ ಸೇರಿ ಮಷೀನನ್ನು ಕಟ್ಟೆಯ ಕೆಳಗಿಂದ ಈಚೆಗೆಳೆದರು. ಖಾಲಿ ಮಷೀನೇ ಎಪ್ಪತ್ತು ಕಿಲೋ ಹತ್ತಿರ, ಮೇಲೆ ನೀರು, ಮೇಲೆ ಕೌದಿ. ಹಿಂದಿನ ಎರಡು ಸ್ಕ್ರೂ ಬಿಚ್ಚಿ ಮೇಲಿನ ಹಲಗೆ ಜಾರಿಸಿದ ಅಪ್ಪ ಒಳಗೆ ಇಣುಕಿದವನೇ ಸ್ತಬ್ಧನಾದ.

"ಅಳಿಯಾರ, ನಿಮಗ ಮೋಸ ಆಗೇತಿ."

ಒಳಗೆ ಸ್ಪ್ರಿಂಗಿಗೆ ಜೋತುಬಿದ್ದ ತೊಟ್ಟಿ. ತೊಟ್ಟಿಯ ನೆತ್ತಿಯ ಮೇಲೆ ಬೂದು ಬಣ್ಣದ, ಅಪ್ಪಟ ಕಾಂಕ್ರೀಟಿನ ದಿಮ್ಮಿ.

"ಸಿಮೆಂಟು ತುಂಬಿ ಮಾರ್‍ಯಾರ. ತೂಕಕ್ಕ!"

ಎಲ್ಲ ಕಂಪನಿಯವರೂ ಹಾಕುತ್ತಾರೆ, ಒದ್ದೆ ಬಟ್ಟೆ ಒಂದು ಕಡೆ ಮುದ್ದೆಯಾಗಿ 1400 ಸುತ್ತಿನಲ್ಲಿ ತಿರುಗಿದರೆ ಭಾರವಿಲ್ಲದ ಮಷೀನು ಅಡಿಗೆಮನೆ ತುಂಬಾ ನಡೆದಾಡುತ್ತದೆ ಎಂದು ನಮ್ಮವರು ಪೇಪರಿನ ಮೇಲೆ ಬಾಣ ಬರೆದು ತೋರಿಸಿದರು. ಅಪ್ಪ ಪೂರಾ ಕೇಳಿದ. "ರೈಸ್‌ಮಿಲ್ಲಿನ ಮಷೀನಿಗೂ ಕಾಂಕ್ರೀಟ್ ಬೆಡ್ ಹಾಕ್ತೀವ್ರಿ. ಆದ್ರ ಕೆಳಗ ಹಾಕ್ತೀವಿ." ಇದಕ್ಕೆ ಎಲೆಕ್ಟ್ರಾನಿಕ್ಸಿನಲ್ಲಿ ಉತ್ತರವಿರಲಿಲ್ಲ.

ಸೋಲು ಮುಚ್ಚಿಕೊಳ್ಳಲು ನಮ್ಮವರು ಕಾನೂನಿಗೆ ಇಳಿದರು. 2021ರ ಜುಲೈನಿಂದ ಇಲ್ಲಿ ರಿಪೇರಿ ಹಕ್ಕಿನ ನಿಯಮ ಬಂದಿದೆಯಂತೆ. ಕಂಪನಿಗಳು ಮಷೀನಿನ ಬಿಡಿಭಾಗಗಳನ್ನು ಕನಿಷ್ಠ ಹತ್ತು ವರ್ಷ ಕೊಡಬೇಕಂತೆ. ಬಾಗಿಲು, ಅದರ ರಬ್ಬರು, ಸೋಪಿನ ಡಬ್ಬಿ ಇಂಥವನ್ನು ನಮ್ಮಂಥವರಿಗೂ ಕೊಡಬೇಕು, ಮೋಟಾರು, ಬ್ರಷ್ಷು, ಪಂಪು ಮಾತ್ರ ಕಸುಬಿನವರಿಗೆ.

"ಅಂದ್ರ ಬಾಗಿಲಾ ನಮಗ, ಮನಿ ಅವರಿಗೆ" ಅಂದ ಅಪ್ಪ. ಆ ಕಾನೂನಿನ ಬಗ್ಗೆ ಇದಕ್ಕಿಂತ ಚೊಕ್ಕ ವಿಮರ್ಶೆ ನಾನಂತೂ ಕೇಳಿಲ್ಲ.

ಇಷ್ಟರಲ್ಲಿ ಮಗಳು ಮಷೀನಿನ ಪುಸ್ತಕ ಹುಡುಕಿ ತಂದು ಓದತೊಡಗಿದ್ದಳು. ಕೆಳಗೆ ಮೂಲೆಯಲ್ಲೊಂದು ಸಣ್ಣ ಬಾಗಿಲಿದೆ, ಅದರೊಳಗೆ ಪಂಪಿನ ಫಿಲ್ಟರ್ ಇದೆ, ತಿರುಗಿಸಿ ತೆಗೆಯಬೇಕು. "ತಾತಾ, ವೇಯ್ಟ್, ಇನ್ನೂ ಇದೆ..." ತಾತ ಕಾಯಲಿಲ್ಲ. ತಿರುಗಿಸಿದ. ಬರಲಿಲ್ಲ. ಬೋರಿನ ಪೈಪು ಬಿಚ್ಚುವ ಕೈಯಲ್ಲಿ ಇನ್ನೊಮ್ಮೆ ತಿರುಗಿಸಿದ. ಬಂತು. ಬಂದ ವೇಗಕ್ಕೆ ಫಿಲ್ಟರು ಕೈಯಿಂದ ಹಾರಿ, ನೆಲದ ಮೇಲೆ ಎರಡು ಪಲ್ಟಿ ಹೊಡೆದು, ಒಲೆಯ ಕೆಳಗೆ ಸೇರಿಕೊಂಡಿತು.

"...ಮೊದಲು ಪಕ್ಕದ ಸಣ್ಣ ಟ್ಯೂಬಿನಿಂದ ನೀರನ್ನ ಒಂದು ಫ್ಲ್ಯಾಟ್ ಪಾತ್ರೆಗೆ ಬಿಡಬೇಕು" ಎಂದು ಮಗಳು ವಾಕ್ಯ ಮುಗಿಸಿದಳು.

ಅಪ್ಪನ ಬಾಯಲ್ಲಿ ಆಗ ದೇವರ ಹೆಸರು ಬರಲಿಲ್ಲ. "ಹತ್ತೊಂಬತ್ತನೇ ಗೇಟು!" ಎಂದು ಕೂಗಿದ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನು ಹರಿದು, ಗೇಟೇ ಕೊಚ್ಚಿಹೋದಾಗ ಅಪ್ಪ ವಾರಗಟ್ಟಲೆ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಮತ್ತವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ತೂತು ಮುಚ್ಚಿದ್ದನ್ನು ಟೀವಿಯಲ್ಲಿ ನೋಡಿ ಅತ್ತಿದ್ದ. ಈಗ ರೆಡಿಂಗಿನ ಅಡಿಗೆಮನೆಯಲ್ಲಿ ನಾಯ್ಡು ಅವರ ಪಾತ್ರ ತನ್ನದು ಅಂದುಕೊಂಡ. ಸ್ಟಾಪ್‌ಲಾಗ್ ನಾನು. ಹತ್ತಿರದಲ್ಲಿದ್ದವಳು ನಾನೇ ತಾನೇ, ಬಿದ್ದು ಅಂಗೈ ಒತ್ತಿದೆ.

ಆ ತೂತು ಇರುವುದು ನೆಲದಿಂದ ಮೂರು ಬೆರಳು ಮೇಲೆ. ಮಷೀನು ಮಾಡಿದವನು ಎಂದೂ ನೀರು ಹಿಡಿದವನಲ್ಲ. ಬಕೆಟು ಹಿಡಿಸುವುದಿಲ್ಲ, ಪಾತ್ರೆ ಹಿಡಿಸುವುದಿಲ್ಲ, ಚಪ್ಪಟೆಯದೇ ಬೇಕು. ನಮ್ಮವರು ಓಡಿಹೋಗಿ ಕೇಕಿನ ತಟ್ಟೆ ತಂದರು. ಅದು ತಳ ಬಿಚ್ಚುವ ಜಾತಿಯದು, ಮೇಲಿನಿಂದ ಬಂದ ನೀರು ಕೆಳಗಿನಿಂದ ಹೋಯಿತು. ಓವನ್ನಿನ ತಟ್ಟೆ ತಂದರು. ಅವ್ವ ಅಡ್ಡ ನಿಂತಳು. "ಅದು ಈ ಮನ್ಯಾಗ ಮದಲಿದ್ದೋರದು, ಏನು ಸುಟ್ಟಿದ್ದರೋ ಏನೋ. ಆ ನೀರು ನನ್ನ ಕೌದಿಯ ನೀರು!" ಅಂದರೆ ಕೌದಿಯ ಕೊಳೆ ನೀರಿಗೂ ಒಂದು ಮಡಿ. ಊಟದ ತಾಟು? "ಉಣ್ಣೋ ತಾಟಿನ್ಯಾಗ ಬಟ್ಟಿ ನೀರು ಹಿಡೀತೀರಾ?" ಕೊಳೆಯೂ ಅಲ್ಲದ, ಶುದ್ಧವೂ ಅಲ್ಲದ, ನಡುವಿನ ಸಂಕಟದಲ್ಲಿ ಆ ನೀರು ನನ್ನ ಬೆರಳ ಸಂದಿಯಿಂದ ಪಿಚಕ್ ಪಿಚಕ್ ಎನ್ನುತ್ತಿತ್ತು.

ಉಳಿದದ್ದು ಒಂದೇ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಜೋಳದ ಹಿಟ್ಟು ನಾದುವ ಪರಾತ.

ಆ ಪರಾತವನ್ನು ಅವ್ವ ಬೆಂಗಳೂರು ಏರ್‌ಪೋರ್ಟಿನಲ್ಲಿ ಕೈಚೀಲದಲ್ಲಿಟ್ಟುಕೊಂಡು, ತಪಾಸಣೆಯವರು ಎರಡು ಸಲ ಹೊರಗೆ ತೆಗೆಸಿದರೂ ಸೊಟ್ಟಗಾಗದಂತೆ ತಂದಿದ್ದಳು. ನನ್ನ ಮದುವೆಗೆ ಸೋದರಮಾವ ಕೊಟ್ಟದ್ದು. ಅಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದ್ದಾರೆ, ಅದರಲ್ಲಿ ನನ್ನ ಹೆಸರಿನ ಒತ್ತಕ್ಷರವೇ ಬಿಟ್ಟುಹೋಗಿದೆ. ಹನ್ನೊಂದು ವರ್ಷದಿಂದ ನಾನದನ್ನು ಗಮನಿಸಿರಲಿಲ್ಲ. ಕೆನ್ನೆ ನೆಲಕ್ಕೆ ಹಚ್ಚಿ ಮಲಗಿದಾಗ ಕಣ್ಣಿನ ಮಟ್ಟಕ್ಕೆ ಬಂತು.

ಹೌದು, ಕೊನೆಗೆ ಅವ್ವನೇ ತಂದಿಟ್ಟಳು. ನನ್ನ ಒದ್ದೆ ತೋಳು ನೋಡಿ ಮನಸ್ಸು ಕರಗಿರಬೇಕು ಅಂದುಕೊಂಡೆ. "ನೀರು ಹಂಗಾ ನಿಂತ್ರ ಕೌದಿ ನಾರತೈತಿ" ಅಂದಳು.

ಆಮೇಲಿನದು ಅಣೆಕಟ್ಟಿನ ಆಡಳಿತ. ನಾನು ಕೈ ಸಡಿಲಿಸಬೇಕು, ಪರಾತ ತುಂಬಬೇಕು, ಕೈ ಒತ್ತಬೇಕು. ಮಾವ ಒಂದು ಕಿವಿ, ಅಳಿಯ ಒಂದು ಕಿವಿ ಹಿಡಿದು ಸಿಂಕಿನ ತನಕ ತುಳುಕಿಸುತ್ತ ಹೋಗಬೇಕು. ಇಬ್ಬರ ಎತ್ತರದಲ್ಲಿ ಅರ್ಧ ಅಡಿ ವ್ಯತ್ಯಾಸ, ಆದ್ದರಿಂದ ಪ್ರತಿ ಸಲವೂ ಒಂದು ಪಾಲು ಅಪ್ಪನ ಲುಂಗಿಗೆ. ಪೇಪರಿನಲ್ಲಿ ದಿನಾ ಜಲಾಶಯದ ಮಟ್ಟ ಹಾಕುವ ಹಾಗೆ ಅಪ್ಪ ಪ್ರತಿ ಪರಾತಕ್ಕೂ ಪ್ರಕಟಣೆ ಕೊಟ್ಟ. "ಒಳಹರಿವು ಇಲ್ಲ. ಹೊರಹರಿವು ನಾಕು ಲೀಟರು." ಮಗಳು ಅದನ್ನು ಇಂಗ್ಲಿಷಿನಲ್ಲಿ ಪುನಃ ಹೇಳಿದಳು, ಯಾರಿಗೋ ಗೊತ್ತಿಲ್ಲ. ನಾಲ್ಕನೇ ಪರಾತದ ಹೊತ್ತಿಗೆ ನನಗೆ ನಗು ಶುರುವಾಯಿತು. ನಕ್ಕರೆ ಕೈ ಜಾರುತ್ತದೆ, ಜಾರಿದರೆ ನೀರು, ನೀರು ಬಂದರೆ ಅಪ್ಪ "ಗೇಟು, ಗೇಟು" ಅನ್ನುತ್ತಾನೆ, ಅಂದರೆ ಮತ್ತೆ ನಗು. ನಮ್ಮವರು ಮಾತ್ರ ನಗಲಿಲ್ಲ. ಕೆಳಗಿನ ಮನೆಯವರ ಚಾವಣಿಯ ಚಿಂತೆ ಅವರಿಗೆ.

ನೀರು ಮುಗಿದ ಮೇಲೆ ಅಪ್ಪ ಪೊರಕೆಯ ಹಿಡಿಯಿಂದ ಒಲೆಯ ಕೆಳಗಿನ ಫಿಲ್ಟರು ಎಳೆದು ತೆಗೆದ. ನಮ್ಮ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಗೆಸಿದಾಗ ಶಿಲಾಯುಗದ ಜನರ ವಸ್ತುಗಳು ಸಿಕ್ಕವು. ನಮ್ಮ ಫಿಲ್ಟರಿನಲ್ಲೂ ಪದರ ಪದರವಾಗಿ ಸಂಸಾರದ ಇತಿಹಾಸವಿತ್ತು. ಕೂದಲಿನ ಉಂಡೆ, ಇಪ್ಪತ್ತು ಪೆನ್ಸಿನ ನಾಣ್ಯ, ಎರಡು ರೂಪಾಯಿಯ ನಾಣ್ಯ, ನಾನು ಎಂದೋ ಕೆಲಸದವಳ ಮೇಲೆ ಅನುಮಾನಪಟ್ಟಿದ್ದ ಕಿವಿಯೋಲೆಯ ತಿರುಪು. ಎಲ್ಲಕ್ಕೂ ಕೆಳಗೆ, ಪಂಪಿನ ರೆಕ್ಕೆಗೆ ಸಿಕ್ಕಿಕೊಂಡು, ಒಂದು ಹಿಡಿ ನೆಲ್ಲು.

ನಮ್ಮ ಮನೆಯಲ್ಲಿ ಕೌದಿ ಹೊಲಿದು ಮುಗಿಸುವಾಗ ಮೂಲೆಯಲ್ಲೊಂದು ಹಿಡಿ ಕಾಳು ಇಟ್ಟು ಹೊಲಿಯುತ್ತಾರೆ. ಖಾಲಿ ಹೊಟ್ಟೆಯ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಮೂಲೆ ಹರಿದಿದೆ, ಕಾಳು ಇಲ್ಲಿಗೆ ಬಂದಿದೆ. ಎಲ್ಲರೂ ಅವ್ವನ ಕಡೆ ತಿರುಗಿದೆವು. ಅವ್ವ ಒಂದು ಚೂರೂ ಅಳುಕಲಿಲ್ಲ. "ಆ ಪರಿ ತಿರುಗಿಸಿದ್ರ ವಾಂತಿ ಮಾಡ್ಕೊಳ್ಳದ ಏನು ಮಾಡೀತು?"

ಅಪ್ಪ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಇಷ್ಟು ಹೊತ್ತು ಮಷೀನು ಬಿಚ್ಚಲು ಹಾಕದ ಕನ್ನಡಕವನ್ನು ಜೇಬಿನಿಂದ ತೆಗೆದು ಹಾಕಿಕೊಂಡ. ಬೆಚ್ಚಗಿನ ಅಡಿಗೆಮನೆ, ನಾಲ್ಕು ದಿನ ನೀರು. ಕಾಳುಗಳಲ್ಲಿ ಕೆಲವು ಬಿರಿದು, ಬಿಳಿಯ ಮೊಳಕೆ ಇಣುಕುತ್ತಿತ್ತು. ಒಂದೊಂದನ್ನೇ ಉಗುರಿನ ತುದಿಯಲ್ಲಿ ಎತ್ತಿ ಅಂಗೈ ಮೇಲೆ ಸಾಲಾಗಿಟ್ಟ. ಹದಿನೇಳು. ಈ ವರ್ಷದ ಎರಡನೇ ಬೆಳೆಗೆ ಅವನು ನೋಡಿದ ಬಿತ್ತನೆ ಅಷ್ಟೇ. "ಸೋಪಿನ ನೀರಾಗೂ ಹುಟ್ಟ್ಯಾವ" ಅಂದ, ಯಾರಿಗೂ ಅಲ್ಲ.

ಫಿಲ್ಟರು ತೊಳೆದು ತಿರುಗಿಸಿದ್ದು, ಮಷೀನು ಗುರ್ರೆಂದು ಉಳಿದ ನೀರು ಉಗುಳಿದ್ದು, ನಮ್ಮವರು ಇಂಜಿನಿಯರನ್ನು ಬೇಡವೆಂದು ಫೋನು ಮಾಡಿ ಎಂಬತ್ತು ಪೌಂಡು ಉಳಿಸಿದ್ದು ತಾನೇ ಎಂಬ ಗತ್ತಿನಲ್ಲಿ ಓಡಾಡಿದ್ದು, ಇವು ಸಣ್ಣ ಸಂಗತಿಗಳು. ದೊಡ್ಡ ಸಂಗತಿಗಳು ಎರಡು. ಪರಾತವನ್ನು ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿದ ಮೇಲೂ ಅವ್ವ ಅದರಲ್ಲಿ ಹಿಟ್ಟು ಕಲಸುತ್ತಿಲ್ಲ, ರೊಟ್ಟಿ ಬಂದ್ ಆಗಿ ನಾಲ್ಕು ದಿನವಾಯಿತು. ಹದಿನೇಳು ಮೊಳಕೆಗಳು ಮೊಸರಿನ ಡಬ್ಬಿಯಲ್ಲಿ ಕಿಟಕಿ ಕಟ್ಟೆ ಮೇಲಿವೆ. ಅದಕ್ಕೆ ಯಾರು ಯಾವಾಗ ಎಷ್ಟು ನೀರು ಹಾಕಬೇಕೆಂದು ಅಪ್ಪ ಕಾಲುವೆಯ ಸರದಿಯಂತೆ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾನೆ. ಅಳಿಯಾರ ಹೆಸರು ಕೊನೆಯ ರೈತನ ಜಾಗದಲ್ಲಿದೆ.

ಕೌದಿ ಒಣಗಿತು. ಈಗ ಅದರ ಹೊಟ್ಟೆ ತುಂಬಬೇಕಲ್ಲ. ಅವ್ವ ಡಬ್ಬಿಯಿಂದ ಒಂದು ಹಿಡಿ ಬಾಸುಮತಿ ಅಕ್ಕಿ ತೆಗೆದಳು. ಅಪ್ಪ ತಡೆದ. "ಸೋನಾ ಮಸೂರಿ ತಿಂದು ಬೆಳೆದ ಕೌದಿಗೆ ಬಾಸುಮತಿ ಹಿಡಸತೈತೇನು?" ಅಕ್ಕಿ ಬೇಡ, ಓಟ್ಸ್ ಹಾಕಿ ಎಂದರು ನಮ್ಮವರು, ಮಷೀನಿಗೆ ಮೆತ್ತಗಿರುತ್ತದಂತೆ. ಮಾವ ಅಳಿಯ ಇಬ್ಬರೂ ಕೂತು ವಾದ ಮಾಡುತ್ತಿರುವಾಗಲೇ ಅಜ್ಜಿ ಮೊಮ್ಮಗಳು ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ಏನೋ ಇಟ್ಟು ಹೊಲಿದು ಬಂದರು. ಏನೆಂದು ಕೇಳಿದರೆ ಇಬ್ಬರೂ ನಗುತ್ತಾರೆ. ಮೂಲೆ ಮುಟ್ಟಿ ನೋಡಿದೆ, ಗಟ್ಟಿ ಇದೆ, ಒಂದು ಕಡೆ ಚೌಕನಾಗಿದೆ. ಮಗಳ ಲೆಗೋ ಡಬ್ಬಿ ಎಣಿಸಬೇಕು ಅಂದುಕೊಂಡಿದ್ದೇನೆ. ಅಷ್ಟರಲ್ಲಿ ನಿನ್ನೆ ಅದೇ ಕೌದಿಯ ಮೇಲೆ ಮತ್ತೆ ಹಾಲು ಚೆಲ್ಲಿದೆ.