ಹಾಳೆ ತಟ್ಟೆಯೊಡನೆ ಹಾಳು ಹರಟೆ

(ಬೆಂಗಳೂರಿನ ಪುಟ್ಟ ಸಿರಿಧಾನ್ಯ ಕ್ಯಾಂಟೀನೊಂದರ ಹಿತ್ತಿಲಲ್ಲಿ, ಕಸದ ಬುಟ್ಟಿಯ ಅಂಚಿಗೆ ಒರಗಿದ್ದ ಅಡಿಕೆ ಹಾಳೆ ತಟ್ಟೆ ನಮಗೆ ಮಾತಿಗೆ ಸಿಕ್ಕಿತು. ಮೈಮೇಲೆ ನವಣೆ ಬಿಸಿಬೇಳೆಬಾತ್ ಇನ್ನೂ ಆರಿರಲಿಲ್ಲ.)

ನಾವು: ತಮ್ಮ ಪೂರ್ವಾಪರ?

ತಟ್ಟೆ: ಮಲೆನಾಡಿನ ತೋಟ. ನಮ್ಮದು ದೊಡ್ಡ ವಂಶ ಸ್ವಾಮಿ. ತುಳುನಾಡಲ್ಲಿ ಮುಟ್ಟಾಳೆಯಾಗಿ ತಲೆ ಏರಿದವರಿದ್ದಾರೆ, ಬಾಣಂತಿ ಮನೆಯಲ್ಲಿ ಕೂಸಿನ ಎಣ್ಣೆಸ್ನಾನಕ್ಕೆ ಹಾಸಿಗೆಯಾದವರಿದ್ದಾರೆ. ನಾನು ನೀರಲ್ಲಿ ನೆನೆದು, ಕಾದ ಅಚ್ಚಿನಡಿ ಒತ್ತಿಸಿಕೊಂಡು ಪಟ್ಟಣ ಸೇರಿದೆ. ಅಂಟಿಲ್ಲ, ಬಣ್ಣವಿಲ್ಲ.

ನಾವು: ಕ್ಯಾಂಟೀನಿನ ಗೋಡೆ ಮೇಲೆ ‘ಮಣ್ಣಿಂದ ಬಂದದ್ದು ಮಣ್ಣಿಗೆ’ ಎಂದು ಬರೆಸಿದ್ದಾರೆ. ತಾವು ಹೊರಡುವುದು ಯಾವಾಗ?

ತಟ್ಟೆ: ಊರಲ್ಲಾದರೆ ಕೈತೊಳೆಯುವಷ್ಟರಲ್ಲಿ ಗೊಬ್ಬರಗುಂಡಿ. ಇಲ್ಲಿ ಕಸದ ಆಟೋದವರು ತಿರುಗಿಸಿ ಮುರುಗಿಸಿ ನೋಡುತ್ತಾರೆ. ಹಸಿ ಕಸ ಎನ್ನಲು ನಾನು ಗಟ್ಟಿ, ಒಣ ಕಸ ಎನ್ನಲು ಮೈಯೆಲ್ಲ ಸಾರು. ಕೊನೆಗೆ ಪ್ಲಾಸ್ಟಿಕ್ ಚಮಚದ ಜೊತೆ ಒಂದೇ ಚೀಲ.

ನಾವು: ಪ್ಲಾಸ್ಟಿಕ್ ಚಮಚ ನಿಷೇಧವಲ್ಲವೇ?

ತಟ್ಟೆ: ನಮ್ಮ ರಾಜ್ಯದಲ್ಲಿ 2016ರಲ್ಲಿ, ದೇಶಕ್ಕೆಲ್ಲ 2022ರ ಜುಲೈನಲ್ಲಿ. ಎರಡೆರಡು ಸಲ ಸತ್ತವರಿಗೆ ಇನ್ನೆಲ್ಲಿಯ ಭಯ!

ನಾವು: ಮಾಲಕಿಯೇ ಗೊಬ್ಬರ ಮಾಡಬಹುದಲ್ಲ?

ತಟ್ಟೆ: ಅಕ್ಕ ಡ್ರಮ್ ಇಟ್ಟಿದ್ದರು. ಮಹಡಿ ಮನೆಯವರು ಮೂಗು ಮುಚ್ಚಿಕೊಂಡು ಇಳಿದು ಬಂದರು. ಚೂರು ಮಾಡದೆ ಹಾಕಿದರೆ ನಾನು ಬೇಗ ಕೊಳೆಯುವ ಪೈಕಿಯಲ್ಲ. ಚೂರು ಮಾಡುವ ಯಂತ್ರ ಕೊಳ್ಳಲೆಂದು ಬಾತಿನ ದರ ಐದು ರೂಪಾಯಿ ಏರಿಸಿದರು. ಪರಿಸರಪ್ರೇಮಿ ಗಿರಾಕಿಗಳು ನನ್ನ ಫೋಟೊ ತೆಗೆದುಕೊಂಡು ಪಕ್ಕದ ಅಂಗಡಿಗೆ ಹೋದರು. ಮಳೆಗಾಲ ಬಂದರೆ ಹಾಳೆಗೆ ಬೂಷ್ಟು ಬೇರೆ. ಬೇಸಿಗೆಯಲ್ಲೇ ಕೊಂಡು ಕೂಡಿಡಲು ಅಕ್ಕನಿಗೆ ದುಡ್ಡೂ ಇಲ್ಲ, ಕೋಣೆಯೂ ಇಲ್ಲ.

ನಾವು: ವಿದೇಶದಲ್ಲಿ ತಮಗೆ ಭಾರಿ ಮರ್ಯಾದೆಯಂತೆ.

ತಟ್ಟೆ: ಇತ್ತು. ನನ್ನಲ್ಲಿರುವ ಅಡಿಕೆಯ ಆಲ್ಕಲಾಯ್ಡ್ ಊಟಕ್ಕೆ ಇಳಿಯಬಹುದೆಂದು 2025ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. ಪರೀಕ್ಷೆ ಆಗಲಿ, ಬೇಡವೆನ್ನೆ. ಆದರೆ ಎರಡು ಅಚ್ಚಿನ ಯಂತ್ರ ಇಟ್ಟುಕೊಂಡ ಮನೆಯವರು ಯಾವ ಪ್ರಯೋಗಾಲಯದ ಬಾಗಿಲು ತಟ್ಟಬೇಕು?

ನಾವು: ವೃತ್ತಾಕಾರದ ಆರ್ಥಿಕತೆಯ ಬಗ್ಗೆ ಎರಡು ಮಾತು?

ತಟ್ಟೆ: ಅದರ ಬಗ್ಗೆ ನಡೆದ ಒಂದು ವಿಚಾರ ಸಂಕಿರಣಕ್ಕೆ ನಾನೂ ಹೋಗಿದ್ದೆ, ಬೋಂಡಾ ಹೊತ್ತುಕೊಂಡು. ಸಂಜೆ ನನ್ನನ್ನು ಯಾರು ಎಲ್ಲಿಗೆ ಒಯ್ಯಬೇಕೆಂಬುದು ಯಾರ ಭಾಷಣದಲ್ಲೂ ಬರಲಿಲ್ಲ.

ನಾವು: ಓದುಗರಿಗೆ?

ತಟ್ಟೆ: ಕೂತು ಉಣ್ಣುವವರು ಸ್ಟೀಲ್ ತಟ್ಟೆ ಕೇಳಿ. ಕಟ್ಟಿಸಿಕೊಂಡು ಹೋಗುವವರು ಮನೆಯಿಂದ ಡಬ್ಬಿ ತನ್ನಿ. ನನ್ನನ್ನು ಗೊಬ್ಬರಗುಂಡಿ ಇರುವ ಊರಿನ ಮದುವೆಗೆ ಬಿಟ್ಟುಬಿಡಿ.